ಅವಳ ಹೆಸರಿನ ಕೆಳಗೆ ನನ್ನದು

ಆಗಸ್ಟ್ ೯, ಶುಕ್ರವಾರ

ಹೊಟ್ಟೆ ಉರಿಯುತ್ತಿದೆ. ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ.

ಬೀದಿಗೆ ಅಡ್ಡಲಾಗಿ ಕಟ್ಟಿರುವ ಆ ಬ್ಯಾನರ್, ಹನ್ನೊಂದು ವರ್ಷದ ಹಿಂದೆ ನಾನು ಯುರೋಪ್ ಚಾಂಪಿಯನ್‌ಶಿಪ್ಪಿನ ಹರ್ಡಲ್ಸ್‌ಗೆ ಹೊರಟಾಗ ಊರಿನವರು ಮಾಡಿಸಿದ್ದು. ಮೂರನೆಯ ಹರ್ಡಲ್‌ಗೆ ಬಿದ್ದೆ. ಮಂಡಿ ಹೋಯಿತು, ಅದರ ಜೊತೆ ಓಟವೂ. ಆಗ ಕ್ಲಬ್ಬಿನಲ್ಲಿ ನನ್ನ ಬೆನ್ನು ನೋಡಿಕೊಂಡೇ ಓಡುತ್ತಿದ್ದ ಡರ್ವ್ಲಾ ಈಗ ಐದು ಸಲ ಐರ್ಲೆಂಡಿನ ಚಾಂಪಿಯನ್. ನಾಳೆ ಅವಳದು ಯುರೋಪ್ ಫೈನಲ್.

“ಹೊಸದ್ಯಾಕೆ ದಂಡ? ನಿನ್ ಹೆಸರಿನ್ ಮೇಲೆ ಅವಳ ಹೆಸರಿನ ಬಟ್ಟೆ ಹೊಲಿದ್ರಾಯ್ತು. ನಿನ್ ಕೈ ಹೊಲಿಗೆ ಗಟ್ಟಿ ಕಣೇ,” ಅಂದಳು ಅಮ್ಮ. ಹೊಲಿದುಕೊಟ್ಟೆ.

ಬೆಳಿಗ್ಗೆ ಬ್ಯಾನರ್ ಕಟ್ಟುತ್ತಾ ಏಣಿಯ ಮೇಲಿಂದ ಮಾಂಸದಂಗಡಿಯ ಟುಹಿ, “ಶುಭವಾಗಲಿ ಅನ್ನೋದು ಹಂಗೇ ಇದೆ ನೋಡಮ್ಮ, ಬಣ್ಣಾನೂ ಮಾಸಿಲ್ಲ!” ಎಂದು ನಕ್ಕ.

ಸಂಜೆ ಡರ್ವ್ಲಾಳ ಫೋನ್. “ಏಡೀನ್, ಫೋಟೋ ನೋಡ್ದೆ ಕಣೇ. ನೀನೇ ಹೊಲಿದ್ಯಂತೆ. ಅಳು ಬಂದ್ಬಿಡ್ತು.”

“ಚೆನ್ನಾಗ್ ಓಡು,” ಅಂದೆ.

ನಾನು ಹಾಕಿದ್ದು ಬರೀ ಕಚ್ಚಾ ಹೊಲಿಗೆ, ಅಮ್ಮನಿಗೂ ಗೊತ್ತಿಲ್ಲ. ಸಮುದ್ರದ ಕಡೆಯಿಂದ ಒಂದು ಗಾಳಿ ಬೀಸಿದರೆ ಸಾಕು, ಮೇಲಿನ ಹೆಸರು ಕಿತ್ತು ಹೋಗುತ್ತದೆ. ಕಿಟಕಿ ತೆರೆದಿಟ್ಟು ಕೂತಿದ್ದೇನೆ. ಒಂದು ಎಲೆಯೂ ಅಲ್ಲಾಡುತ್ತಿಲ್ಲ.