ಗೋದಾಬಾಯಿ ಹೇಳದೆ ಹೋದ ಹೆಸರು

ಫೆಬ್ರವರಿ 10, ಸೋಮವಾರ. ಸಂಜೆ 4.15

ಹೋಟೆಲಿನ ಅಡುಗೆಮನೆಯವರಿಗೆ ಹದಿನೆಂಟನೇ ಅಧ್ಯಾಯ ಓದಿ ಮುಗಿಸಿದೆ. ಇನ್ನು ಒಂದೇ ಬಾಕಿ. ನಿಯಮದಂತೆ ಪುಸ್ತಕ ಮುಚ್ಚಿದೆ. "ಅಕ್ಕ, ಎರಡು ಪುಟ ಆದ್ರೂ ಓದಿ," ಎಂದ ಅಡುಗೆಮನೆಯ ಹುಡುಗ ದಿನೇಶ. ಇಲ್ಲ ಎಂದರೆ ಇಲ್ಲ. ಕೊನೆಯ ಅಧ್ಯಾಯಕ್ಕೆ ಮೊದಲು ಒಂದು ರಾತ್ರಿ ಬಿಡುವು. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಕೊಲೆಗಾರನ ಹೆಸರು ಹೇಳಬೇಕು. ಸರಿಯಾಗಿ ಹೇಳಿದವರು ಕೇಳಿದ ಅಡುಗೆ ಮರುದಿನ ಅಡುಗೆಮನೆಯವರಿಗೆಲ್ಲ. ಹದಿನಾರು ವರ್ಷ, ಪತ್ತೇದಾರಿಣಿ ಗೋದಾಬಾಯಿಯ ಹದಿನಾರು ಪುಸ್ತಕ, ಹೀಗೇ ನಡೆದಿದೆ. ಹೋದ ಸಲ ತರಕಾರಿ ಹೆಚ್ಚುವ ಕರಿಯಮ್ಮ ಗೆದ್ದಳು. ಮಂಡ್ಯದವಳು, ಮುದ್ದೆ ಕೇಳಿದಳು. ನಮ್ಮ ಉಡುಪಿ ಕಡೆಯವರು ಅಗಿಯುತ್ತಾ ಕೂತದ್ದು ನೆನೆಸಿದರೆ ಈಗಲೂ ನಗು.

ಈ ಸಲದ ಕೇಸು: ನಾಟಕ ಕಂಪನಿಯ ಯಜಮಾನ ಬೆಳಿಗ್ಗೆ ಬಿಡಾರದಲ್ಲಿ ದೋಸೆ ತಿಂದ, ಎಂಟು ಗಂಟೆಗೆ ಸತ್ತ. ರಾತ್ರಿಯೇ ಯಾರೋ ವಿಷ ಬೆರೆಸಿಟ್ಟಿದ್ದರು. ತಮ್ಮನೇ ಕೊಂದದ್ದು ಅಂತ ದಿನೇಶ. ನಟಿ ಅಂತ ಕರಿಯಮ್ಮ. ನನಗೆ ಡಾಕ್ಟರ ಮೇಲೆ ಸಂಶಯ, ಬಹಳ ನಯವಾಗಿ ಮಾತಾಡುತ್ತಾನೆ. ಐತಣ್ಣ ಮಾತ್ರ ಬಾಯಿ ಬಿಡಲಿಲ್ಲ. ಮೂವತ್ತು ವರ್ಷದಿಂದ ನಮ್ಮ ದೋಸೆ ಕಲ್ಲಿನ ಮುಂದೆ ನಿಂತವರು, ಅವಸರ ಅನ್ನುವುದೇ ಇಲ್ಲ.

ಒಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಈ ಪುಸ್ತಕ ಯಾಕೋ ಸಪ್ಪೆ. ಗೋದಾಬಾಯಿ ಹುಬ್ಬಳ್ಳಿಯ ಖಾನಾವಳಿ ಮಾರಿ ಫ್ಲ್ಯಾಟಿನಲ್ಲಿ ಕೂತಿದ್ದಾಳೆ. ಒಂಬತ್ತು ಪುಟ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಒಗ್ಗರಣೆಯ ವಾಸನೆಯಿಂದ ಕಳ್ಳನನ್ನು ಹಿಡಿದ ಹೆಂಗಸು. ಅವಳಿಗೆ ಕಿಟಕಿ ಯಾಕೆ? ಇರಲಿ. ನಾಳೆ ಎಲ್ಲ ಸರಿಹೋಗುತ್ತದೆ. ಇದನ್ನು ಬರೆಯುವ ಸತ್ಯಾತ್ಮ ಅವರು ಯಾವತ್ತೂ ಕೈಬಿಟ್ಟವರಲ್ಲ.

ಫೆಬ್ರವರಿ 11, ಮಂಗಳವಾರ. 4.30

ಹೆಸರಿಲ್ಲ.

ಓದಿ ಮುಗಿಸಿದೆ. ಕೊನೆಯ ಸಾಲಿನಲ್ಲಿ ಗೋದಾಬಾಯಿ ಕಿಟಕಿ ಮುಚ್ಚುತ್ತಾಳೆ. ಅಷ್ಟೆ.

"ಆಮೇಲೆ?" ಎಂದಳು ಕರಿಯಮ್ಮ.

"ಅಷ್ಟೇ ಇರುವುದು."

"ಆಳೆ ಅಂಟ್ಕಂಡಿರಬೇಕು, ಸರಿಯಾಗಿ ನೋಡಕ್ಕ."

ಐತಣ್ಣನಿಗೆ ಓದಲು ಬರುವುದಿಲ್ಲ. ಆದರೂ ಪುಸ್ತಕ ಕೈಗೆ ತೆಗೆದುಕೊಂಡು ತಲೆಕೆಳಗೆ ಹಿಡಿದು ಕೊಡವಿದರು. ಏನೂ ಬೀಳಲಿಲ್ಲ. ಬೈಂಡಿಂಗಿನಲ್ಲಿ ಹಾಳೆ ಬಿಟ್ಟುಹೋಗಿದೆ ಅಂತ ಎಲ್ಲರೂ ತೀರ್ಮಾನ ಮಾಡಿದೆವು. ಪ್ರಕಾಶಕರಿಗೆ ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಆ ಹುಡುಗಿಗೆ ಇಂಥ ಫೋನು ಅಭ್ಯಾಸವಾಗಿರಬೇಕು. "ಇಲ್ಲ ಮೇಡಂ, ಪುಸ್ತಕ ಪೂರ್ತಿ ಇದೆ. ಕತೆಯೇ ಹಾಗೆ," ಎಂದಳು.

ನಾಳೆಯ ವಿಶೇಷ ಅಡುಗೆ ಇಲ್ಲ. ಯಾರೂ ಗೆಲ್ಲಲಿಲ್ಲವಲ್ಲ. ಮಾಮೂಲಿನಂತೆ ಉಳಿದ ಸಾಂಬಾರು.

ಫೆಬ್ರವರಿ 13, ಗುರುವಾರ. ಬೆಳಿಗ್ಗೆ

ಮೊಮ್ಮಗಳು ವೀಕ್ಷಾ ಫೋನಿನಲ್ಲಿ ಸತ್ಯಾತ್ಮರ ಇಂಟರ್‌ವ್ಯೂ ತೋರಿಸಿದಳು. ಶಾಲು ಹೊದ್ದು ಕೂತಿದ್ದರು. "ಇನ್ನು ಮುಂದೆ ಗೋದಾಬಾಯಿ ಕೊಲೆಗಾರರನ್ನು ಹುಡುಕುವುದಿಲ್ಲ. ತನ್ನನ್ನು ಹುಡುಕುತ್ತಾಳೆ. ಬದುಕಿನಲ್ಲಿ ಎಲ್ಲದಕ್ಕೂ ಉತ್ತರ ಇರುತ್ತದೆಯೇ?"

ಬದುಕಿನಲ್ಲಿ ಇರುವುದಿಲ್ಲ ಮಾರಾಯರೆ. ಅದಕ್ಕೇ ಅಲ್ಲವೇ ನಿಮ್ಮ ಪುಸ್ತಕ ತರಿಸಿದ್ದು?

ವೀಕ್ಷಾಳನ್ನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ. "ಅಜ್ಜಿ, ಇದು ಓಪನ್ ಎಂಡಿಂಗ್. ಇಪ್ಪೊ ಎಲ್ಲಾಮೆ ಅಪ್ಪಡಿದಾನ್." ಈಗ ಎಲ್ಲ ಹಾಗೆಯೇ ಅಂತೆ. ಇರಬಹುದು. ಗಿರಾಕಿ ಕೂತ ಮೇಲೆ ಖಾಲಿ ಎಲೆ ಹಾಕಿ, ಇದು ಓಪನ್ ಊಟ ಎಂದರೆ ಚೆನ್ನೈಯ ಈ ರಾಯಪುರಂನಲ್ಲಿ ಒಂದು ದಿನ ಹೋಟೆಲು ನಡೆಯುತ್ತದಾ ನೋಡೋಣ.

ಫೆಬ್ರವರಿ 18, ಮಂಗಳವಾರ. 4.00

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಮೂರಕ್ಕೆ ಕೆಳಗಿಳಿಯುತ್ತೇನೆ, ಸ್ಟೂಲಿನಲ್ಲಿ ಕೂರುತ್ತೇನೆ. ಹಳೆಯ ಗೋದಾಬಾಯಿ ಓದೋಣವೇ ಎಂದು ಕೇಳಿದೆ. ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತು, ಯಾರಿಗೆ ಬೇಕು? ದಿನೇಶ ಫೋನಿನಲ್ಲಿ ಕ್ರಿಕೆಟ್ ನೋಡುತ್ತಾನೆ. ಕರಿಯಮ್ಮ ಗೋಡೆಗೊರಗಿ ನಿದ್ದೆ.

ಇದನ್ನು ರಜತ್ ಗಮನಿಸಿದ್ದಾನೆ. ನನ್ನ ಮಗ ಗಲ್ಲಾದಲ್ಲಿ ಕೂತು ಎಲ್ಲ ಗಮನಿಸುತ್ತಾನೆ. ಇವತ್ತು ಬಂದು ಹೇಳಿದ.

"ಅಮ್ಮ, ಮಾರ್ಚ್ ಫಸ್ಟಿಂದ ಮೂರರಿಂದ ನಾಲ್ಕು ಕ್ಲೋಸ್ ಮಾಡುದಿಲ್ಲ. ಆನ್‌ಲೈನ್ ಆರ್ಡರ್ ತಗೊಳ್ಳುವ. ಹೇಗೂ ನಿನ್ನ ಬುಕ್ಕು ಮುಗೀತಲ್ಲ."

"ಮುಗಿದಿಲ್ಲ," ಎಂದೆ.

"ಲಾಸ್ಟ್ ಪೇಜ್ ಓದಿ ಆಯ್ತಂತಲ್ಲ?"

"ಓದಿ ಆಗಿದೆ. ಮುಗಿದಿಲ್ಲ."

ನಕ್ಕು ಹೋದ. ಆರ್ಡರ್ ಬಂದರೆ ಕೂಗುವ ಟ್ಯಾಬ್ ಒಂದನ್ನು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದ್ದಾನೆ. ಅದನ್ನು ಆನ್ ಆಫ್ ಮಾಡುವುದು ಅವನ ಫೋನಿನಿಂದ.

ಫೆಬ್ರವರಿ 19, ಬುಧವಾರ. ಬೆಳಿಗ್ಗೆ 6.00

ನಿದ್ದೆ ಸರಿಯಾಗಲಿಲ್ಲ. ಸಿಟ್ಟು. ಮೊದಲು ಮಗನ ಮೇಲೆ ಅಂದುಕೊಂಡೆ. ಅಲ್ಲ, ಸತ್ಯಾತ್ಮರ ಮೇಲೆ.

ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದೆ. ಮೇಲೆ ಮನೆ, ಕೆಳಗೆ ಹೋಟೆಲು. ಗಲ್ಲಾದಲ್ಲಿ ಮಾವ. ಆಮೇಲೆ ಗಂಡ. ಈಗ ಮಗ. ಕಲ್ಲಿನ ಮುಂದೆ ಐತಣ್ಣ. ಎಲ್ಲರಿಗೂ ಒಂದೊಂದು ಜಾಗ. ಹೋಟೆಲಿನ ಯಜಮಾನತಿ ಅಂತ ನನಗೆ ಹೆಸರು, ಕೂರಲು ಜಾಗ ಇಲ್ಲ. ಒಂದು ದಿನ ನಾನಾಗಿಯೇ ಪುಸ್ತಕ ಹಿಡಿದು ಕೆಳಗಿಳಿದೆ. ಹಾರ್ಬರ್ ಶಿಫ್ಟಿನವರು ಉಂಡು ಹೋಗಿದ್ದರು, ಕೌಂಟರ್ ಮುಚ್ಚಿತ್ತು. ಓದಲಾ ಎಂದು ಕೇಳಿದೆ. ಐತಣ್ಣ ಸ್ಟೂಲು ಒರೆಸಿ ಇಟ್ಟರು. ಅಂದಿನಿಂದ ಮೂರರಿಂದ ನಾಲ್ಕು ನನ್ನದು. ಗಂಡನೂ ಮುಟ್ಟಿರಲಿಲ್ಲ ಅದನ್ನು. ಆ ಒಂದು ಗಂಟೆ ಹೋದರೆ ನಾನು ಮೇಲಿನ ಮನೆಯಲ್ಲಿ ಕಿಟಕಿ ನೋಡುತ್ತಾ ಕೂರುವ ಮುದುಕಿ, ಹೊಸ ಗೋದಾಬಾಯಿಯ ಹಾಗೆ.

ಕೂರುವುದಿಲ್ಲ. ಆಕೆ ಬೇಕಾದರೆ ಕೂರಲಿ.

ಸತ್ಯಾತ್ಮರಿಗೆ ಕಾಗದ ಬರೆದೆ. ನಾಲ್ಕೇ ಸಾಲು. ಕೊಂದದ್ದು ಯಾರು, ತಿಳಿಸಿ. ಕೆಳಗೆ ನನ್ನ ಫೋನ್ ನಂಬರ್.

ಅದೇ ದಿನ, 4.10

ಮೂರಕ್ಕೆ ಇಳಿದು ದಿನೇಶನ ಫೋನ್ ಕಿತ್ತು ಅಕ್ಕಿ ಡಬ್ಬದ ಮೇಲಿಟ್ಟೆ. ಅವರು ಹೆಸರು ಹೇಳದಿದ್ದರೆ ನಾವು ಹುಡುಕುವ ಎಂದೆ. ಮೊದಲ ಪುಟದಿಂದ ಮತ್ತೆ ಓದುತ್ತೇನೆ. ಸಂಶಯ ಬಂದಲ್ಲಿ ನಿಲ್ಲಿಸಿ.

ಕರಿಯಮ್ಮ ಎದ್ದು ಕೂತಳು. "ಆ ಕಿಟ್ಕಿ ಪುಟಗಳ್ನ ಬುಟ್ಬುಡಕ್ಕ."

ಬಿಟ್ಟೆ.

ಫೆಬ್ರವರಿ 22, ಶನಿವಾರ. 4.20

ಮೆಟ್ಟಿಲು ಎರಡೆರಡು ಹತ್ತಿ ಬಂದೆ. ಖುಷಿಗೆ.

ಏಳನೇ ಅಧ್ಯಾಯ ಓದುತ್ತಿದ್ದೆ. ನಾಟಕ ಕಂಪನಿಯ ಅಡುಗೆಯವ ಪೊಲೀಸರ ಮುಂದೆ ಹೇಳುತ್ತಾನೆ: ರಾತ್ರಿ ಬಿಡಾರಕ್ಕೆ ಬೀಗ, ನಾನು ಬೆಳಿಗ್ಗೆ ಐದಕ್ಕೆ ಬಂದು ಹಿಟ್ಟು ರುಬ್ಬಿದೆ, ಏಳಕ್ಕೆ ಯಜಮಾನರಿಗೆ ದೋಸೆ ಕೊಟ್ಟೆ.

"ನಿಲ್ಸಿ ಅಕ್ಕ," ಎಂದರು ಐತಣ್ಣ. "ದೋಸೆ ತಿಂದು ಯಜಮಾನ ಎಂತ ಹೇಳಿದ? ಸುರುವಿಗೆ ಉಂಟಲ್ಲ, ಅದು ಓದಿ."

ಹಿಂದೆ ತಿರುಗಿಸಿದೆ. ಯಜಮಾನ ತಟ್ಟೆ ದೂಡಿ, ಇಷ್ಟು ಹುಳಿಯೇ ಎನ್ನುತ್ತಾನೆ.

"ಐದಕ್ಕೆ ರುಬ್ಬಿದ ಹಿಟ್ಟು ಏಳಕ್ಕೆ ಹುಳಿ ಬರ್ತದಾ? ಈ ಚೆನ್ನೈ ಸೆಕೆಯಲ್ಲೇ ಬರುದಿಲ್ಲ. ಕತೆಯಲ್ಲಿ ಡಿಸೆಂಬರ್ ಚಳಿ ಬೇರೆ. ಆ ಹಿಟ್ಟು ರಾತ್ರಿಯೇ ರುಬ್ಬಿ ಇಟ್ಟದ್ದು. ರಾತ್ರಿ ಇವ ಅಲ್ಲೇ ಇದ್ದ, ಇಲ್ಲದಿದ್ರೆ ಸುಳ್ಳು ಯಾಕೆ?"

"ಮುಂಚಿನ ದಿನದ ಹಿಟ್ಟು ಉಳಿದಿರಬಹುದಲ್ಲ?" ದಿನೇಶ ಅಡ್ಡ ಹಾಕಿದ.

"ಮೂರನೇ ಅಧ್ಯಾಯದಲ್ಲಿ ಮುಂಚಿನ ದಿನ ಸಂಜೆಯೇ ಹಿಟ್ಟು ಖಾಲಿ ಅಂತ ನಟಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ್ರಲ್ಲ. ನೀನು ಆಗ ಎಲ್ಲಿದ್ದೆ?"

ಹುಡುಕಿದೆ. ಇದೆ. ಐವತ್ತೊಂದನೇ ಪುಟ. ಓದಲು ಬಾರದ ಮನುಷ್ಯ ಒಂದೇ ಸಲ ಕೇಳಿ ಇಟ್ಟುಕೊಂಡದ್ದು.

ಎಲ್ಲರೂ ಒಪ್ಪಿದೆವು. ಐತಣ್ಣ ಮಾತ್ರ ಮುಖ ಸಪ್ಪೆ ಮಾಡಿದರು. "ಅಡುಗೆಯವನೇ ಅಂತ ಹೇಳ್ಲಿಕ್ಕೆ ನಂಗೇ ಬೇಜಾರು ಅಕ್ಕ. ಆದ್ರೆ ಹಿಟ್ಟು ಸುಳ್ಳು ಹೇಳುದಿಲ್ಲ." ಗೆದ್ದದ್ದಕ್ಕೆ ಏನು ಬೇಕು ಎಂದರೆ ಪತ್ರೊಡೆ ಅಂತೆ. ಈ ಊರಲ್ಲಿ ಕೆಸುವಿನೆಲೆ ಎಲ್ಲಿ ಹುಡುಕಲಿ? ಹುಡುಕುತ್ತೇನೆ.

ಫೆಬ್ರವರಿ 26, ಬುಧವಾರ. 11.30

ಸತ್ಯಾತ್ಮರ ಫೋನು. ಅವರೇ. ಬೇಳೆ ಆರಿಸುತ್ತಿದ್ದೆ. ಎದ್ದು ನಿಂತುಬಿಟ್ಟೆ, ಎದುರಿಗೆ ಬಂದ ಹಾಗೆ. ಮರೆಯುವ ಮೊದಲು ಬರೆದಿಡಬೇಕು.

ಬಹಳ ಮರ್ಯಾದೆಯ ಮಾತು. "ನಿಮ್ಮ ಕಾಗದ ನೋಡಿದೆ ತಾಯಿ. ಓದುಗರು ಪ್ರಶ್ನೆಯ ಜೊತೆ ಬದುಕುವುದನ್ನೂ ಕಲಿಯಬೇಕು."

"ನಾವು ಹೋಟೆಲಿನವರು ಸರ್. ಕೂರಿಸಿ ಬಡಿಸದೆ ಎಬ್ಬಿಸಿದರೆ ನಮ್ಮಲ್ಲಿ ಜಗಳ ಆಗ್ತದೆ," ಎಂದೆ. ಅವರು ನಕ್ಕರು. ಆಗ ಹೇಳಿದೆ, ಅಡುಗೆಯವ ಸಿಕ್ಕಿಬಿದ್ದಿದ್ದಾನೆ ಅಂತ. ಹುಳಿ, ಐದು ಗಂಟೆ, ಖಾಲಿ ಹಿಟ್ಟು, ಎಲ್ಲ ಪುಟದ ನಂಬರ್ ಸಮೇತ.

ಆ ಕಡೆ ಪುಟ ತಿರುಗಿಸುವ ಸದ್ದು. ಮತ್ತೆ: "ಅಯ್ಯೋ. ಅದು ಸುಮ್ಮನೆ ಬರೆದದ್ದು. ದೋಸೆ ಹಿಟ್ಟಿನ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ."

"ಹಾಗಾದರೆ ಕೊಂದದ್ದು ಯಾರು ಸರ್?"

"ನನಗೂ ಗೊತ್ತಿಲ್ಲ ತಾಯಿ. ಗೊತ್ತಿರಬೇಕಾಗಿಲ್ಲ."

ಹದಿನಾರು ವರ್ಷ. ಈ ಮನುಷ್ಯನಿಗೆ ಎಲ್ಲ ಗೊತ್ತು ಅಂತ ನಂಬಿ, ನನ್ನ ಒಂದು ಗಂಟೆಯನ್ನು ಇವರ ಕೈಗೆ ಕೊಟ್ಟಿದ್ದೆ. ಅಳು ಬಂತು, ನಿಜ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. "ಒಳ್ಳೆಯದಾಯಿತು ಹೇಳಿದ್ದು. ಮುಂದಿನ ಮುದ್ರಣದಲ್ಲಿ ಆ ತಪ್ಪು ತಿದ್ದುತ್ತೇನೆ. ಹುಳಿ ಅನ್ನುವ ಮಾತು ತೆಗೆದರಾಯಿತು."

ಅಳು ಅಲ್ಲೇ ನಿಂತಿತು.

"ತೆಗೀಬೇಡಿ," ಎಂದೆ. "ಇಡೀ ಪುಸ್ತಕದಲ್ಲಿ ಸತ್ಯ ಇರುದು ಅದೊಂದೇ. ನಿಮಗೆ ಹೆಸರು ಬೇಡದಿದ್ದರೆ ನೀವು ಬಿಡಿ. ಕೊನೇ ಅಧ್ಯಾಯ ನಾನು ಬರೀತೇನೆ."

ಏನಂದರೋ ಕೇಳಲಿಲ್ಲ. ಫೋನ್ ಇಟ್ಟದ್ದು ನಾನೇ.

ಮಾರ್ಚ್ 1, ಶನಿವಾರ. 4.30

ಬರೆದೆ. ಮೂರು ದಿನ, ವೀಕ್ಷಾಳ ಹಳೆಯ ನೋಟ್‌ಬುಕ್ಕಿನಲ್ಲಿ, ಹದಿನಾಲ್ಕು ಪುಟ. ಬರೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಸತ್ಯಾತ್ಮರ ಮೇಲೆ ಒಂದು ಚೂರು ಮರುಕವೂ ಬಂತು. ಒಂದೇ ಚೂರು.

ನನ್ನ ಗೋದಾಬಾಯಿ ಮೊದಲು ಫ್ಲ್ಯಾಟಿಗೆ ಬೀಗ ಹಾಕುತ್ತಾಳೆ. ಆಮೇಲೆ ನಾಟಕದವರ ಬಿಡಾರಕ್ಕೆ ಹೋಗಿ ಸೆರಗು ಸಿಕ್ಕಿಸಿ ಹಿಟ್ಟಿನ ಪಾತ್ರೆಗೆ ಕೈ ಹಾಕುತ್ತಾಳೆ.

ಮೂರಕ್ಕೆ ಇಳಿದೆ. ಸರಿಯಾಗಿ ಮೂರು ಐದಕ್ಕೆ ಟ್ಯಾಬ್ ಕೂಗಿತು. ಎರಡು ಮಸಾಲೆ, ಒಂದು ಪೊಡಿ ದೋಸೆ. ಐತಣ್ಣ ಎದ್ದರು, ಕೆಲಸ ಕೆಲಸವೇ. "ನೀವು ಓದಿ ಅಕ್ಕ, ಕಿವಿ ಇಲ್ಲೇ ಉಂಟು," ಎಂದರು. ಅದು ಕೂಗಿದಷ್ಟೂ ಜೋರಾಗಿ ಓದಿದೆ. ಒಂಬತ್ತು ಸಲ ಕೂಗಿತು. ಐದು ಪುಟ ಆಯಿತು. ಗಂಟಲು ಹರಿದುಹೋಗಿದೆ. ಗಲ್ಲಾದ ಕಡೆಯ ಕಿಂಡಿ ತೆರೆದೇ ಇತ್ತು. ಕೇಳಲಿ.

ಮಾರ್ಚ್ 3, ಸೋಮವಾರ. 4.15

ಇವತ್ತು ಇನ್ನೂ ಐದು ಪುಟ. ಗೋದಾಬಾಯಿ ಎಲ್ಲರನ್ನೂ ಸುತ್ತ ಕೂರಿಸಿ, ಹೆಸರು ಹೇಳಲು ಬಾಯಿ ತೆಗೆಯುವಲ್ಲಿಗೆ ನಿಲ್ಲಿಸಿದೆ. ನಿಯಮದಂತೆ. ಅಡುಗೆಮನೆಯವರಿಗೆ ಹೆಸರು ಗೊತ್ತು. ಆದರೆ ಯಾಕೆ ಕೊಂದ ಅನ್ನುವುದು ನಾನೇ ಹುಟ್ಟಿಸಿದ್ದು, ಅದು ಯಾರಿಗೂ ಗೊತ್ತಿಲ್ಲ. ದಿನೇಶ ಕಾಲು ಹಿಡಿಯುವುದೊಂದು ಬಾಕಿ.

ನಾಲ್ಕಕ್ಕೆ ರಜತ್ ಬಂದ. ಮೂರು ಆರ್ಡರ್ ಲೇಟಾದವಂತೆ.

"ಅಮ್ಮ, ನಾಳೆಯಿಂದ ನೀನು ಕೆಳಗೆ ಬರುದು ಬೇಡ."

ಎಲ್ಲರೆದುರು ಹೇಳಿದ. ಐತಣ್ಣ ಕಲ್ಲು ಒರೆಸುತ್ತಾ ತಲೆ ತಗ್ಗಿಸಿದರು. ನಾನು ನೋಟ್‌ಬುಕ್ ಮಡಚಿ ಮೆಟ್ಟಿಲು ಹತ್ತಿದೆ. ನೋವಾಯಿತು. ಅವನ ಅಪ್ಪನೂ ಈ ಮಾತು ನನಗೆ ಹೇಳಿದವರಲ್ಲ.

ಆದರೆ ಹೋಗುತ್ತೇನೆ. ನಾಳೆ ಮೂರಕ್ಕೆ ಹೋಗಿಯೇ ಹೋಗುತ್ತೇನೆ.

ಮಾರ್ಚ್ 4, ಮಂಗಳವಾರ. 2.50

ಸೀರೆ ಬದಲಾಯಿಸಿ ಆಯಿತು. ನೋಟ್‌ಬುಕ್ ಮಡಿಲಲ್ಲಿದೆ. ಹತ್ತು ನಿಮಿಷ ಇದೆ ಅಂತ ಬರೆಯಲು ಕೂತೆ—

ರಜತ್ ಬಂದಿದ್ದಾನೆ. ಬಾಗಿಲಲ್ಲಿ ನಿಂತಿದ್ದಾನೆ. ತಡೆಯಲು ಬಂದಿರಬೇಕು. ನೋಡೋಣ. ನಾನು ತಲೆ ಎತ್ತುವುದಿಲ್ಲ, ಬರೆಯುತ್ತೇನೆ.

"ಅಮ್ಮ."

ಹ್ಞೂಂ ಎಂದೆ.

"ಅವ ಯಾಕೆ ಕೊಂದದ್ದು?"

ಕಿಂಡಿಯಿಂದ ಕೇಳಿಸಿಕೊಂಡಿದ್ದಾನೆ. ಎರಡು ದಿನವೂ. ನಗು ಬಂತು, ನುಂಗಿದೆ. ಹೇಳಿದೆ: "ಗಲ್ಲಾದಲ್ಲಿ ಕೂತವರಿಗೆ ಹೇಳುದಿಲ್ಲ. ಕೆಳಗೆ ಬಂದು, ನೆಲದಲ್ಲಿ ಕೂತು, ಎಲ್ಲರ ಜೊತೆ ಕೇಳು. ಆ ಟ್ಯಾಬ್ ಕೂಗ್ತಾ ಇದ್ದರೆ ನಾನು ಓದುದಿಲ್ಲ."

"ಇವತ್ತೊಂದು ದಿನ ಆಫ್ ಮಾಡ್ತೇನೆ."

"ಇವತ್ತೊಂದು ದಿನಕ್ಕಾದರೆ ಬೇಡ. ದಿನಾ ಮೂರರಿಂದ ನಾಲ್ಕು."

ಅಲ್ಲೇ ನಿಂತಿದ್ದಾನೆ. ಮೂರಕ್ಕೆ ನಾಲ್ಕು ನಿಮಿಷ. ಕೆಳಗೆ ಯಾರೋ ಸ್ಟೂಲು ಎಳೆದರು. ಬರೆಯುತ್ತಲೇ ಇದ್ದೇನೆ, ಬರೆಯಲು ಏನೂ ಇಲ್ಲದಿದ್ದರೂ. ಈಗ ಜೇಬಿಗೆ ಕೈ ಹಾಕಿದ. ಫೋನ್ ತೆಗೆದ. ಏನೋ ಒತ್ತಿದ. ಕೆಳಗೆ ಕೂಗುತ್ತಿದ್ದ ಟ್ಯಾಬ್ ಥಟ್ಟನೆ ನಿಂತು—