ಮತ್ತೆ ಬಾರದವರ ಲೆಕ್ಕದಲ್ಲಿ ಗೆದ್ದ ಪ್ರಶಸ್ತಿ

ಮಾನ್ಯ ಕುಲಪತಿಗಳೇ,

ತಮ್ಮ ವಿಶ್ವವಿದ್ಯಾನಿಲಯವು ಈ ವರ್ಷದ ‘ಅತ್ಯುತ್ತಮ ಶೈಕ್ಷಣಿಕ ಸಲಹೆಗಾರ’ ಪ್ರಶಸ್ತಿಯನ್ನು ಯಾವ ಮಹನೀಯರಿಗೆ ನೀಡಿ ಗೌರವಿಸಿತೋ, ಅದೇ ಮಹನೀಯರ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಕಾರಣಕ್ಕೆ ನನ್ನ ಮೊಮ್ಮಗಳಿಗೆ ಈ ವರ್ಷ ಪದವಿ ಇಲ್ಲವೆಂದು ತಮ್ಮ ಪರೀಕ್ಷಾ ವಿಭಾಗವು ತಿಳಿಸಿದೆ. ಪ್ರಶಸ್ತಿಪತ್ರಕ್ಕೂ ಈ ತಿಳಿವಳಿಕೆ ಪತ್ರಕ್ಕೂ ಬಿದ್ದಿರುವುದು ಒಂದೇ ಮೊಹರು. ಇದನ್ನು ತಮ್ಮ ಕಚೇರಿಗೆ ಖಾಸಗಿಯಾಗಿಯೂ ಬರೆದಿದ್ದೆ. ಆ ಪತ್ರ ಅಲ್ಲೇ ಎಲ್ಲೋ ಸುಖನಿದ್ರೆಯಲ್ಲಿರಬಹುದು. ಅದನ್ನು ಎಬ್ಬಿಸುವ ಪಾಪ ನನಗೆ ಬೇಡವೆಂದು ಈ ಬಾರಿ ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಮೊಮ್ಮಗಳು ತಮ್ಮಲ್ಲಿ ಮಣ್ಣಿನ ವಿಜ್ಞಾನ ಓದುತ್ತಿದ್ದಾಳೆ. ಕೊನೆಯ ವರ್ಷದ ಆರಂಭದಲ್ಲಿ, ಕ್ಷೇತ್ರಕಾರ್ಯದ ಪತ್ರಿಕೆ ತೆಗೆದುಕೊಳ್ಳಲೇಬೇಕೋ ಅಥವಾ ಅದರ ಬದಲು ಸಂಖ್ಯಾಶಾಸ್ತ್ರ ಸಾಕೋ ಎಂಬ ಸಂದೇಹ ಬಂದು, ಮೇಲಿನ ಮಹಡಿಯ ತುದಿಯಲ್ಲಿ ಕೈ ತೊಳೆಯುವ ನಲ್ಲಿಯ ಪಕ್ಕಕ್ಕಿರುವ ಸಲಹೆಗಾರರ ಕೊಠಡಿಗೆ ಹೋದಳು. ಅವರು ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ, “ಸಂಖ್ಯಾಶಾಸ್ತ್ರ ಸಾಕು. ಎಲ್ಲಾ ಸರಿಯಾಗಿದೆ, ಹೋಗಮ್ಮ” ಎಂದರು. ಹುಡುಗಿ ಹಿಗ್ಗುತ್ತಾ ಮನೆಗೆ ಬಂದಳು. “ಅಜ್ಜೀ, ಕೂತ್ಕೊಳ್ಳೋಕೆ ಮುಂಚೆನೇ ಕೆಲಸ ಮುಗೀತು!” ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕಡತಗಳು ಕುಳಿತಿದ್ದವೆಂಬುದು, ಕೂರುವ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲವೆಂಬುದು, ನಾನೇ ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಪ್ರಶಸ್ತಿ ಪ್ರದಾನಕ್ಕೆ ಪೋಷಕರನ್ನೂ ಕರೆದಿದ್ದಿರಿ, ನಾನೂ ಬಂದಿದ್ದೆ. ಗಾಜಿನ ಫಲಕವನ್ನು ಕೊಡುವ ಮುನ್ನ ತಾವೇ ಗಂಭೀರ ಕಂಠದಲ್ಲಿ ಓದಿದಿರಿ: “ಇವರ ಬಳಿ ಒಮ್ಮೆ ಸಲಹೆ ಪಡೆದ ಯಾವ ವಿದ್ಯಾರ್ಥಿಯೂ ಅದೇ ವಿಷಯಕ್ಕಾಗಿ ಎರಡನೆಯ ಬಾರಿ ಬಂದ ಉದಾಹರಣೆಯಿಲ್ಲ.” ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಪಕ್ಕದವರಿಗಿಂತ ಸ್ವಲ್ಪ ಜೋರಾಗಿಯೇ. ನನ್ನ ಮೊಮ್ಮಗಳೂ ಮತ್ತೆ ಹೋಗದವರಲ್ಲಿ ಒಬ್ಬಳಲ್ಲವೇ? ಆ ಫಲಕದಲ್ಲಿ ನಮ್ಮ ಮನೆಯ ಪಾಲೂ ಇದೆಯೆಂದುಕೊಂಡೆ.

ಚಪ್ಪಾಳೆಯ ಬಿಸಿ ಆರುವ ಮುನ್ನ ಪರೀಕ್ಷಾ ವಿಭಾಗದ ಪತ್ರ ಬಂತು. ಕ್ಷೇತ್ರಕಾರ್ಯ ಕಡ್ಡಾಯ, ಅದಕ್ಕೆ ಬದಲಿಯಿಲ್ಲ. ತಿಂಗಳ ಕೊನೆಯೊಳಗೆ ಸಲಹೆಗಾರರ ಶಿಫಾರಸು ತಂದರೆ ಈ ಅವಧಿಗೇ ಸೇರಬಹುದು, ಇಲ್ಲವಾದರೆ ಒಂದು ವರ್ಷ ಕಾಯಬೇಕು. ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದು ಅವಳಿಗೆ ಕೆಲಸ ಇಟ್ಟುಕೊಂಡು ಕಾಯುತ್ತಿದೆ. ಅದು ವರ್ಷ ಕಾಯುವುದಿಲ್ಲ. ಆದ್ದರಿಂದ ನಾವಿಬ್ಬರೂ ಆ ಕೊಠಡಿಗೆ ಹೋದೆವು. ಬಾಗಿಲಲ್ಲಿ ಭೇಟಿಯ ಪುಸ್ತಕ ಹಿಡಿದಿದ್ದ ಜವಾನರು ಹುಡುಗಿಯ ಕೈಯಿಂದ ಪೆನ್ನನ್ನು ಮೆಲ್ಲಗೆ ಕಸಿದುಕೊಂಡರು.

“ಹೆಸರು ಬರೀಬೇಡಮ್ಮಾ. ಅದೇ ವಿಷಯಕ್ಕೆ ಎರಡನೇ ಸಲ ಅಂದ್ರೆ ಸಾಹೇಬ್ರ ಲೆಕ್ಕ ಕೆಡುತ್ತೆ.”

“ನಮ್ಮ ಹುಡುಗಿಯ ವರ್ಷ ಕೆಟ್ಟಿದೆಯಲ್ಲಪ್ಪಾ?” ಎಂದೆ.

“ಅದಕ್ಕೆ ಲೆಕ್ಕ ಇಟ್ಟಿಲ್ಲಮ್ಮಾ.”

ಒಳಗಿದ್ದ ಪುರಸ್ಕೃತರು ‘ಹೋದ್ಯಾ ಪಿಶಾಚಿ ಅಂದ್ರೆ ಬಂದ್ಯಾ ಗವಾಕ್ಷೀಲಿ’ ಎನ್ನುವ ಮುಖಮಾಡಿ ನಮ್ಮನ್ನು ನೋಡಿದರು. “ಆ ವಿಷಯ ಆವತ್ತೇ ಇತ್ಯರ್ಥ ಆಯ್ತಲ್ಲಮ್ಮ?”

“ಸರ್, ನೀವು ಬೇಡ ಅಂದ ಪತ್ರಿಕೆ ಕಡ್ಡಾಯವಂತೆ. ನಿಮ್ಮದೊಂದು ಶಿಫಾರಸು ಸಿಕ್ಕಿದ್ರೆ...” ಎಂದಳು ಮೊಮ್ಮಗಳು.

“ಶಿಫಾರಸು ಕೊಟ್ರೆ ಮುಗಿದಿದ್ದನ್ನ ಮತ್ತೆ ತೆರೆದ ಹಾಗಾಗುತ್ತೆ. ಮುಂದಿನ ವರ್ಷ ತಗೋ. ಇನ್ನೂ ಚಿಕ್ಕವಳು, ಏನವಸರ?”

“ಅವಳು ಚಿಕ್ಕವಳು ಸ್ವಾಮಿ, ನಾನಲ್ಲ” ಎಂದು ಹೇಳಿ ಹೊರಬಂದೆ.

ಮಾನ್ಯರೇ, ತಪ್ಪು ಸಲಹೆ ಯಾರ ಬಾಯಿಂದಲೂ ಬರಬಹುದು. ನನ್ನ ತಕರಾರು ತಮ್ಮ ಅಳತೆಗೋಲಿನ ಮೇಲೆ. ಮತ್ತೆ ಬಾರದವರೆಲ್ಲ ತೃಪ್ತರೆಂದು ತಮಗೆ ಹೇಳಿದವರಾರು? ಬಾವಿಗೆ ಬಿದ್ದವನು ಇನ್ನೊಂದು ಕೊಡ ನೀರಿಗೆ ಬರಲಿಲ್ಲವಾದ್ದರಿಂದ ಆ ಬಾವಿಯ ನೀರು ಅಮೃತವೆಂದು ಫಲಕ ನೆಡುತ್ತೀರಾ? ಈ ನಿಯಮದಂತೆ ಮುಂದಿನ ವರ್ಷದ ಪ್ರಶಸ್ತಿಗೆ ಸ್ಮಶಾನದ ಕಾವಲುಗಾರನನ್ನು ಮೀರಿಸುವ ಅರ್ಹರು ನನಗಂತೂ ಕಾಣುವುದಿಲ್ಲ. ಸಲಹೆ ಕೇಳಿದ ಮಕ್ಕಳು ಮತ್ತೆ ಬರಬೇಕು ಸ್ವಾಮಿ. ಹೇಳಿದ್ದು ಹೊಂದಲಿಲ್ಲವೆಂದು, ಅರ್ಥವಾಗಲಿಲ್ಲವೆಂದು, ಕೆಲವೊಮ್ಮೆ ಸುಮ್ಮನೆ ಹೆದರಿಕೆಯೆಂದು ಬರಬೇಕು. ಅದೇ ಓಣಿಯ ಇನ್ನೊಂದು ಕೊಠಡಿಯ ಎದುರು ಬೆಂಚು ತುಂಬಿ, ಮಕ್ಕಳು ನೆಲದ ಮೇಲೂ ಕುಳಿತಿದ್ದರು. ಒಳಗಿದ್ದ ಮೇಡಂ ಒಬ್ಬ ಹುಡುಗನಿಗೆ, “ನಾಳೆ ಮತ್ತೆ ಬಾ, ಇದನ್ನ ಇನ್ನೊಂದ್ಸಲ ನೋಡೋಣ” ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ತಮ್ಮ ಲೆಕ್ಕದಲ್ಲಿ ಆಕೆ ಕಡೆಯ ಸ್ಥಾನದಲ್ಲಿರುವರೆಂದು ಜವಾನರೇ ತಿಳಿಸಿದರು.

ನ್ಯಾಯಾಲಯದ ಎದುರಿನ ಅಂಗಡಿಯಲ್ಲಿ ಆಯುಷ್ಯವಿಡೀ ಬೇರೆಯವರ ಅರ್ಜಿಗಳನ್ನು ಟೈಪು ಮಾಡಿದವಳು ನಾನು. ‘ದಯಪಾಲಿಸಬೇಕಾಗಿ’ ಎಂಬ ಪದವನ್ನು ಬೆರಳುಗಳು ಕಣ್ಣುಮುಚ್ಚಿ ಒತ್ತಬಲ್ಲವು. ಸ್ವಂತಕ್ಕೆ ಅದನ್ನು ಎಂದೂ ಬಳಸಲಿಲ್ಲ, ಇಂದೂ ಬಳಸುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ತಮಗಿರುವ ವಿಶೇಷಾಧಿಕಾರವನ್ನು ಚಲಾಯಿಸಿ ಮೊಮ್ಮಗಳನ್ನು ಈ ಅವಧಿಯ ಕ್ಷೇತ್ರಕಾರ್ಯಕ್ಕೆ ಸೇರಿಸಿಕೊಳ್ಳತಕ್ಕದ್ದು. ಫಲಕವನ್ನು ಮಹನೀಯರೇ ಇಟ್ಟುಕೊಳ್ಳಲಿ; ಕಡತಗಳು ಹಾರದಂತೆ ಮೇಲೆ ಇಡಲು ಆದೀತು.

ತಪ್ಪಿದಲ್ಲಿ, ಸೋಮವಾರದಿಂದ ಮೊದಲ್ಗೊಂಡು ಪ್ರತಿದಿನವೂ ನಾವಿಬ್ಬರು ಆ ಕೊಠಡಿಗೆ ಅದೇ ವಿಷಯಕ್ಕಾಗಿ ಬರುತ್ತೇವೆ. ಪೆನ್ನು ನಮ್ಮದೇ ಇರುತ್ತದೆ. ಕೂರಲು ಮಡಚುವ ಸ್ಟೂಲನ್ನೂ ತರುತ್ತೇನೆ. ಮಹನೀಯರ ನಿಷ್ಕಳಂಕ ಲೆಕ್ಕವು ಮುಂದಿನ ಪ್ರಶಸ್ತಿಯ ಹೊತ್ತಿಗೆ ಯಾವ ಸ್ಥಿತಿಯಲ್ಲಿರುವುದೆಂಬುದನ್ನು ತಾವೇ ಊಹಿಸಿಕೊಳ್ಳುವುದು.

ಈ ಸಾಲುಗಳನ್ನು ಓದಿದ ಮೊಮ್ಮಗಳು, “ಅಜ್ಜೀ, ಇದು ಬೆದರಿಕೆ ಆಗಲ್ವಾ?” ಎಂದು ಕೇಳಿದಳು.

“ಇಲ್ಲ ಕಣೇ,” ಎಂದೆ, “ಇದು ಹಾಜರಾತಿ.”

ಇಂತಿ,
ಅಂದು ಸಭೆಯಲ್ಲಿ ತಟ್ಟಿದ ಚಪ್ಪಾಳೆಯನ್ನು ಹಿಂಪಡೆಯಲು ಬರುತ್ತಿರುವ
ಒಬ್ಬ ಅಜ್ಜಿ