ಲುಬ್ಧಕದ ಕಪ್ಪು ಗೆರೆಗಳು

ಅಪ್ಪಾ,

ಉತ್ತರಹಳ್ಳಿ ಮನೆಯ ಟೆರೇಸಿನಲ್ಲಿ ನಿನ್ನ ಟೆಲಿಸ್ಕೋಪ್ ಇನ್ನೂ ಇದೆ. ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಅಮ್ಮ ಆಗಾಗ ಹೆದರಿಸುತ್ತಾಳೆ, ಕೊಡುವುದಿಲ್ಲ.

ನಾನು ನಿನಗೆ ಗ್ರೇಟಿಂಗ್ ತಂದುಕೊಟ್ಟ ಸಂಜೆ ನೆನಪಿದೆಯಾ? ನಾಣ್ಯದಗಲದ ಗಾಜು. ಟೆಲಿಸ್ಕೋಪಿನ ಕ್ಯಾಮೆರಾದ ಮುಂದೆ ಕೂರಿಸಿದರೆ ನಕ್ಷತ್ರದ ಪಕ್ಕದಲ್ಲಿ ಅದರ ಬೆಳಕು ಬಣ್ಣದ ಪಟ್ಟಿಯಾಗಿ ಹರಡುತ್ತದೆ, ಪಟ್ಟಿಯೊಳಗಿನ ಕಪ್ಪು ಗೆರೆಗಳನ್ನು ನೋಡಿ ನಕ್ಷತ್ರದಲ್ಲಿ ಏನಿದೆ ಎಂದು ಹೇಳಬಹುದು. ನಾನು ಇಷ್ಟು ವಿವರಿಸುವಷ್ಟರಲ್ಲಿ ನೀನು ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ತಿಕ್ಕಿ ಒರೆಸಿಯಾಗಿತ್ತು. "ಅಯ್ಯೋ, ಅದನ್ನ ಮುಟ್ಟಬಾರ್ದು!" ಎಂದು ಕಿರುಚಿದೆ. ಕನ್ನಡಕ, ಟಿವಿ, ಸ್ಕೂಟರಿನ ಕನ್ನಡಿ ಎಲ್ಲವನ್ನೂ ಅದೇ ಟವೆಲ್ಲಿನಲ್ಲಿ ಒರೆಸುವ ಮನುಷ್ಯನಿಗೆ ಏನು ಹೇಳುವುದು!

ಅವತ್ತಿನಿಂದ ಪಟ್ಟಿ ಬಂತು, ಗೆರೆ ಬರಲಿಲ್ಲ. ನೀನು ಉಸಿರು ಹಿಡಿದು ಫೋಕಸ್ ನಾಬ್ ತಿರುಗಿಸಿ ಲುಬ್ಧಕ ನಕ್ಷತ್ರವನ್ನು ಸೂಜಿಮೊನೆಯಷ್ಟು ಚಿಕ್ಕದು ಮಾಡುತ್ತಿದ್ದೆ. ಪಕ್ಕದ ಪಟ್ಟಿ ಮಾತ್ರ ಬರೀ ಕಲಸಿದ ಬಣ್ಣ. "ನಾನೇ ಕೆಡಿಸ್ದೆ ಕಣಮ್ಮ. ಆಸೆಪಟ್ಟು ತಂದಿದ್ದೆ ನೀನು." ಹೊಸದು ತರುತ್ತೇನೆ ಎಂದರೆ ನೀನು ಒಪ್ಪಲಿಲ್ಲ. ಆಸ್ಪತ್ರೆಯಲ್ಲೂ ಅದನ್ನೇ ಅಂದೆಯಲ್ಲ... ಆ ಹೊತ್ತಿನಲ್ಲಿ ಅದೇ ನೆನಪಾಗಬೇಕಿತ್ತಾ? ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೊನ್ನೆ ಸಂಜೆ ಕತ್ತಲಾದ ಮೇಲೆ ನಾನು ಟೆಲಿಸ್ಕೋಪಿನ ಮುಂದೆ ಕೂತಿದ್ದಾಗ ಅಮ್ಮ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಸೀರೆ ಎಳೆದ ರಭಸಕ್ಕೆ ಮೊಣಕೈ ಟೆಲಿಸ್ಕೋಪಿಗೆ ತಗುಲಿತು. ಲ್ಯಾಪ್‌ಟಾಪ್ ಪರದೆಯಿಂದ ಲುಬ್ಧಕ ಮಾಯ. ಪಟ್ಟಿಯೊಂದೇ ಉಳಿಯಿತು.

"ಅಮ್ಮಾ! ಈಗಷ್ಟೇ ಫೋಕಸ್ ಮಾಡಿದ್ದೆ!"

"ನಿಮ್ಮಪ್ಪನೂ ಹಿಂಗೇ ಕೂಗಾಡೋರು. ಇರೋದ್ರಲ್ಲೇ ಮಾಡ್ಕೊಳ್ಳೇ."

ಚುಕ್ಕಿಯೇ ಇಲ್ಲದ ಮೇಲೆ ನೋಡುವುದಾದರೂ ಏನನ್ನು? ಸಿಟ್ಟಿನಲ್ಲೇ ಪಟ್ಟಿಯನ್ನು ನೋಡುತ್ತಾ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದೆ. ನೀಲಿಯಲ್ಲಿ ಒಂದು ಕಪ್ಪು ಗೆರೆ. ಇನ್ನೊಂಚೂರು ತಿರುಗಿಸಿದೆ, ಅದರಾಚೆ ಮತ್ತೊಂದು. ಹೈಡ್ರೋಜನ್ ಗೆರೆಗಳು ಅಪ್ಪಾ! ಟೆಲಿಸ್ಕೋಪನ್ನು ಸರಿಸಿ ಲುಬ್ಧಕವನ್ನು ವಾಪಸ್ ತಂದರೆ ಅದು ಪೂರಿಯ ಹಾಗೆ ಉಬ್ಬಿ ಕೂತಿತ್ತು. ಚುಕ್ಕಿ ಸ್ಪಷ್ಟವಾಗುವ ಜಾಗವೇ ಬೇರೆ, ಗೆರೆ ಸ್ಪಷ್ಟವಾಗುವ ಜಾಗವೇ ಬೇರೆ. ನಾವಿಬ್ಬರೂ ಅಷ್ಟು ದಿನ ಚುಕ್ಕಿಯನ್ನೇ ತಿದ್ದುತ್ತಾ ಕೂತಿದ್ದೆವು. ಗಾಜಿಗೆ ಏನೂ ಆಗಿರಲಿಲ್ಲ.

ಇನ್ನು ಮೇಲೆ ಗೆರೆ ನೋಡಿಯೇ ಫೋಕಸ್ ಮಾಡುತ್ತೇನೆ. ನೀನು ನೋಡಬೇಕೆಂದಿದ್ದ ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ಹಿಡಿಯುತ್ತೇನೆ.

ಅಮ್ಮನನ್ನು ಕರೆದು ತೋರಿಸಿದೆ. ಬಟ್ಟೆ ಹೊತ್ತುಕೊಂಡೇ ಪರದೆಯ ಮುಂದೆ ಬಗ್ಗಿದಳು.

"ಹಂಗಾದ್ರೆ ಅವ್ರು ಕೆಡಿಸಿರ್ಲಿಲ್ವಾ?"

"ಇಲ್ಲಮ್ಮ."

"ಪಾಪ, ಸುಮ್‌ಸುಮ್ನೆ ಎಷ್ಟು ನೊಂದ್ಕೊಂಡ್ರು. ಈಗ ಅವ್ರಿಗೆ ಯಾರೇ ಹೇಳೋರು?"

ನಾನು ಹೇಳುತ್ತಿದ್ದೇನೆ ಅಪ್ಪಾ. ನೀನು ಏನನ್ನೂ ಕೆಡಿಸಿರಲಿಲ್ಲ.

ನಿನ್ನ ಮಗಳು